ಗಿರಿಗೆ ಬರುವವರು ಬಯಲನ್ನೂ ನೆನೆಯಲಿ

ರಜೆ ಬಂದೊಡನೆ ಬೈಕುಗಳ ಸಾಲು ಕಡೂರು, ತರೀಕೆರೆಗಳನ್ನು ಹಿಂದಿಕ್ಕಿ ಕೆಮ್ಮಣ್ಣುಗುಂಡಿಯತ್ತ ಧಾವಿಸುತ್ತದೆ. ಸ್ವತಂತ್ರ ಪ್ರವಾಸವೆಂದರೆ ಹುಲ್ಲುಗಾವಲಿನ ಮೇಲೆ ಚಕ್ರ ಹಾಯಿಸುವ ಹಕ್ಕೆಂದು ಹಲವರು ಭಾವಿಸಿದಂತಿದೆ. ಗಿರಿಯ ಹುಲ್ಲೂ ಶೋಲಾ ಕಾಡೂ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ತೊರೆಗಳಿಗೆ ಬಿಡುತ್ತವೆ. ಚಕ್ರದಡಿ ನೆಲ ಗಟ್ಟಿಯಾದರೆ ನೀರು ಇಂಗದು. ಮಣ್ಣನ್ನೂ ಕೊಚ್ಚಿಕೊಂಡು ಇಳಿಯುತ್ತದೆ. ಬಾಬಾಬುಡನ್ ಗಿರಿಶ್ರೇಣಿಯ ವೇದಾ ಹೊಳೆ ಅಯ್ಯನಕೆರೆಯನ್ನು ತುಂಬಿ, ಮುಂದೆ ಕಡೂರು ಸೀಮೆಯಲ್ಲಿ ಅವತಿಯನ್ನು ಕೂಡಿ ವೇದಾವತಿಯಾಗುತ್ತದೆ. ಮೇಲಿನವರ ಮೋಜಿಗೆ ಬೆಲೆ ತೆರುವವನು ಕೆಳಗಿನ ರೈತ.

ಹಾಗಾದರೆ ಯುವಕರು ಬರಲೇಬಾರದೇ? ಬರಬೇಕು, ಬರುವ ಬಗೆ ಬದಲಾಗಬೇಕು. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ರೈಲಿದೆ. ನೀರಿನ ಬಾಟಲಿಯನ್ನು ಮನೆಯಿಂದ ತಂದು ಮನೆಗೇ ಒಯ್ಯಲಿ. ಒಂಟಿಯಾಗಿ ಹೊರಟವರು ಊರವರಲ್ಲಿ ದಾರಿ ವಿಚಾರಿಸಿ, ಮರಳುವ ವೇಳೆಯನ್ನು ತಿಳಿಸಿ ಹೋಗಲಿ. ಮಳೆಗಾಲದಲ್ಲಿ ಕಲ್ಲತ್ತಿಗಿರಿಯ ಬಂಡೆಗಳನ್ನು ಏರದಿರಲಿ. ಭದ್ರಾ ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಕಾಲಿಡದಿರಲಿ. 1196ರ ಅಮೃತಾಪುರ ದೇಗುಲವನ್ನು ನಿಂತು ನೋಡಲಿ. ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳನ್ನು ಕಂಡರೆ, ಕಾವಲು ಪಾಳುಭೂಮಿಯಲ್ಲ, ಮೇವಿನ ನೆಲೆಯೆಂಬುದು ಮನದಟ್ಟಾದೀತು.

ಪ್ರವಾಸಿಗರಿಗೆ ಬುದ್ಧಿ ಹೇಳಿದರಷ್ಟೇ ಸಾಲದು. ಹುಲ್ಲಿನ ಮೇಲೆ ವಾಹನ ಬೇಡವೆಂಬ ನಿರ್ಣಯವನ್ನು ಪ್ರತಿ ಗ್ರಾಮಸಭೆಯೂ ಕೈಗೊಳ್ಳಲಿ. ಅದನ್ನು ಮಂಡಿಸುವ ಹೊಣೆಯನ್ನು ವಿದ್ಯಾರ್ಥಿಗಳೇ ಹೊರಲಿ.