ಸದ್ಗುಣಗಳ ಜರಿಮೇಳ
ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಹಳ್ಳಿಯರಮನೆಯಲ್ಲಿ ಸದ್ಗುಣಗಳೆಲ್ಲ ಹೆಂಗಸರು, ಅದೂ ಮಖಮಲ್ಲು, ಜರಿ ಉಟ್ಟವರು. ಗ್ರೀಕ್ ಕತೆಯ ಪೆನೆಲೋಪಿಯ ಅಕ್ಕಪಕ್ಕ ಛಲವೂ ತಾಳ್ಮೆಯೂ, ರೋಮಿನ ಲುಕ್ರೀಷಿಯಾಳ ಬದಿಗೆ ಶೀಲವೂ ಔದಾರ್ಯವೂ, ರಾಣಿ ಜೆನೋಬಿಯಾಳ ಜೊತೆ ವಿವೇಕ ನಿಂತಿದ್ದಾರೆ. 1570ರ ದಶಕದಲ್ಲಿ, ಮೊದಲು ಚಾಟ್ಸ್‌ವರ್ತ್ ಮನೆಗೆಂದು ತಯಾರಾದ ಈ ಆಳೆತ್ತರದ ತೂಗುಬಟ್ಟೆಯ ಚಿತ್ರಗಳಲ್ಲಿ ಬಣ್ಣಕ್ಕಿಂತ ಬಟ್ಟೆಯೇ ಹೆಚ್ಚು. ಬಟ್ಟೆ ಬಂದದ್ದೆಲ್ಲಿಂದ ಎಂಬುದೇ ಸ್ವಾರಸ್ಯ. ಮಠಗಳು ಮುಚ್ಚಿ, ಧರ್ಮ ಬದಲಾದ ಮೇಲೆ ಬೇಡವಾದ ಪಾದ್ರಿಗಳ ಪೂಜಾವಸ್ತ್ರಗಳನ್ನು ಕತ್ತರಿಸಿ, ಹೊಲಿದು ಈ ದೇವಿಯರಿಗೆ ಉಡಿಸಿದ್ದಾರೆ. ಪೂಜೆಯ ಪೀತಾಂಬರ ಹರಿದು ಪಡಸಾಲೆಯ ಪರದೆ ಮಾಡಿದಂತೆ ಎನ್ನಿ. ಮಾಡಿಸಿದವಳು ಬೆಸ್ ಆಫ್ ಹಾರ್ಡ್‌ವಿಕ್: ನಾಲ್ಕು ಮದುವೆಯಾಗಿ, ಪ್ರತಿ ಮದುವೆಯಲ್ಲೂ ಆಸ್ತಿ ಹೆಚ್ಚಿಸಿಕೊಂಡು, ಗೋಪುರಗಳ ನೆತ್ತಿಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಕಲ್ಲಿನಲ್ಲಿ ನಿಲ್ಲಿಸಿದಾಕೆ. ಗಂಡನಿಗಾಗಿ ಕಾದ ಪೆನೆಲೋಪಿ ಅವಳಿಗೆ ಬಹಳ ಪ್ರಿಯ. ಅವಳ ನಾಲ್ಕನೆಯ ಗಂಡ, ಶ್ರೂಸ್‌ಬರಿಯ ಅರ್ಲ್, ಮಾತ್ರ ಹೆಂಡತಿಯ ಮೇಲೆ ಮುನಿಸಿಕೊಂಡು ಬೇರೆಯಾದ. ಆಮೇಲಿನ ಆಸ್ತಿಜಗಳದಲ್ಲಿ ಈ ತೂಗುಬಟ್ಟೆಗಳೂ ಬಂದವು. ಪಾದ್ರಿಬಟ್ಟೆಯನ್ನು ಕೊಂಡದ್ದು ನನ್ನ ಹಿಂದಿನ ಗಂಡ, ಹೊಲಿದವರು ಬಹುಪಾಲು ನನ್ನ ಮನೆಯ ಆಳುಗಳು, ಹೆಂಗಸರು, ಹುಡುಗರು ಎಂಬುದು ಬೆಸ್‌ಳ ವಾದ. ತಾಳ್ಮೆ, ಔದಾರ್ಯಗಳ ಒಡೆತನಕ್ಕೇ ಗಂಡಹೆಂಡಿರು ಹೀಗೆ ಲೆಕ್ಕ ಹಿಡಿದು ಕಿತ್ತಾಡಿದ್ದು ನನಗಂತೂ ಬಲು ಇಷ್ಟವಾಯಿತು. ಐದು ತೂಗುಬಟ್ಟೆಗಳಲ್ಲಿ ಕ್ಲಿಯೋಪಾತ್ರಳದು ಕಳೆದುಹೋಗಿದೆ. ಅವಳೊಂದಿಗೆ ಹೋದವರು ಧೈರ್ಯ ಮತ್ತು ನ್ಯಾಯ.