ಬಾಡಿಗೆಯ ಗಣಕ, ಒತ್ತೆಯಿಟ್ಟ ಕನ್ನಡ

ಕನ್ನಡದ ಯುವಕ ಯುವತಿಯರೇ,

ನಿಮ್ಮ ಬೀದಿಯ ಡಿಟಿಪಿ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಮದುವೆಯ ಲಗ್ನಪತ್ರಿಕೆ, ಗಣೇಶೋತ್ಸವದ ಕರಪತ್ರ, ಸಂಘದ ರಸೀದಿ ಪುಸ್ತಕ, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಬ್ಯಾನರ್, ಎಲ್ಲ ಹುಟ್ಟುವುದು ಅಲ್ಲೇ. ಅಂಥ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ದುಡಿಯುತ್ತಿರುವುದು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅಡೋಬಿ ಕಂಪನಿ ಅದರ ಅಭಿವೃದ್ಧಿಯನ್ನು 2004ರಲ್ಲೇ ಕೈಬಿಟ್ಟಿತು.

ಅಂಗಡಿಯವನನ್ನು ಹಂಗಿಸಬೇಡಿ. ಅವನ ಇಷ್ಟು ವರ್ಷಗಳ ದುಡಿಮೆ ಹಳೆಯ ಆಸ್ಕಿ ಫಾಂಟುಗಳಲ್ಲಿ ಸಿಕ್ಕಿಬಿದ್ದಿದೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿದೆ. ಫಾಂಟ್ ಇಲ್ಲವಾದರೆ ಕನ್ನಡವೂ ಮಾಯ, ಉಳಿಯುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬಾರದು. ಅದೇ ಕಂಪನಿಯ ಇನ್‌ಡಿಸೈನ್‌ಗೆ ಹೋಗೋಣವೆಂದರೆ, 2013ರಿಂದ ಬಂದ ಆವೃತ್ತಿಗಳೆಲ್ಲ ಬಾಡಿಗೆಗೆ ಮಾತ್ರ. ಹಣ ಕಟ್ಟುವುದು ನಿಂತರೆ ಕೆಲಸವೂ ನಿಂತಿತು.

ಈ ಗಾಯದ ಮೇಲೆ ಇನ್ನೊಂದು ಬರೆ ಬಿದ್ದದ್ದು 2025ರ ಅಕ್ಟೋಬರ್ 14ರಂದು. ಅಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಯಂತ್ರ ಒಂದೇ ದಿನದಲ್ಲಿ ಗುಜರಿ!

ಹಳೆಯದನ್ನೇ ಇಟ್ಟುಕೊಳ್ಳುತ್ತೇವೆ, ಭದ್ರತೆಯ ತಿದ್ದುಪಡಿ ಮಾತ್ರ ಕೊಡಿ ಎಂದರೆ ಕಪ್ಪ ಒಪ್ಪಿಸಬೇಕು. ವ್ಯಾಪಾರ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರ ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್. ಎರಡನೇ ವರ್ಷ ಅದರ ಎರಡರಷ್ಟು, ಮೂರನೇ ವರ್ಷ ಮತ್ತೆ ಎರಡರಷ್ಟು. ಮೂರು ವರ್ಷಕ್ಕೆ 427 ಡಾಲರ್. ತಡವಾಗಿ ಸೇರಿದರೂ ಹಿಂದಿನ ವರ್ಷದ ಬಾಕಿ ಬಿಡುವುದಿಲ್ಲ. ಹತ್ತು ಗಣಕಗಳ ಸಣ್ಣ ಮುದ್ರಣಾಲಯವನ್ನು ಲೆಕ್ಕ ಹಾಕಿ. ಡಾಲರಿಗೆ 85 ರೂಪಾಯಿ ಹಿಡಿದರೂ 3,62,950 ರೂಪಾಯಿ! ಇಷ್ಟು ಕೊಟ್ಟರೂ ಹೊಸದೇನೂ ಕೈಗೆ ಬರುವುದಿಲ್ಲ. ಕಿತ್ತೂರಿನ ನಾಡಿನವರಿಗೆ ಕಪ್ಪವೆಂದರೆ ಏನೆಂದು ಹೇಳಿಕೊಡಬೇಕೆ?

ಕಳ್ಳ ಪ್ರತಿ ಹಾಕಿಕೊಂಡರಾಯಿತು ಎನ್ನುವಿರಾ? ಗೊತ್ತಿದ್ದೂ ಕಳ್ಳ ತಂತ್ರಾಂಶ ಬಳಸಿದರೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಡಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಅದೂ ಇರಲಿ. ಕದ್ದ ಬೀಗದ ಕೈಯಲ್ಲಿ ಮನೆ ಕಾಯುವುದು ಸ್ವಾಭಿಮಾನಿಗಳ ಲಕ್ಷಣವೂ ಅಲ್ಲ.

ನೆರೆಯ ಕೇರಳದವರು ಏನು ಮಾಡಿದರು? ಶಾಲೆಗಳ ಗಣಕಗಳಿಗೆ ಲಿನಕ್ಸ್ ಹಾಕಿದರು, ತಮ್ಮ ನುಡಿಗೆ ಬೇಕಾದಂತೆ ತಿದ್ದಿಕೊಂಡರು. 2 ಲಕ್ಷಕ್ಕೂ ಹೆಚ್ಚು ಗಣಕಗಳ ಪರವಾನಗಿ ವೆಚ್ಚದಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆಂದು ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್ 2019ರಲ್ಲಿ ಹೇಳಿತು. ಲೆಕ್ಕದಲ್ಲಿ ಅರ್ಧ ಕಳೆದರೂ ಅದು ಸಣ್ಣ ಮೊತ್ತವೇ? ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ಬೆಂಗಳೂರು ತನ್ನ ಬೀದಿಯ ಅಂಗಡಿಯನ್ನು ಮಾತ್ರ ಮರೆತಿದೆ. ದೀಪದ ಬುಡದಲ್ಲೇ ಕತ್ತಲು.

ಆದ್ದರಿಂದ ಗೆಳೆಯರೇ, ಘೋಷಣೆಯ ಜೊತೆಗೆ ಒಂದಿಷ್ಟು ಕೈಕೆಲಸ ಮಾಡಿ. ತಂತ್ರಾಂಶ ಕಂಪನಿಗಳಲ್ಲಿ ದುಡಿಯುವವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ? ಒಂದು ಭಾನುವಾರ ನಿಮ್ಮ ಬೀದಿಯ ಅಂಗಡಿಗೆ ಹೋಗಿ. ಮೊದಲು ಹಳೆಯ ಕಡತಗಳ ನಕಲು ತೆಗೆದಿಡಿ. ಅವುಗಳಲ್ಲಿರುವ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ; ಅದಕ್ಕೆ ಬೇಕಾದ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ್ದನ್ನು ಒತ್ತಕ್ಷರ ಬಿಡದೆ ಓದಿ ನೋಡಿ. ಪತ್ರ, ಲೆಕ್ಕಪಟ್ಟಿಗೆ ಲಿಬ್ರೆಆಫೀಸ್ ಸಾಕು. ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರಕ್ಕೆ ಇಂಕ್‌ಸ್ಕೇಪ್ ಇವೆ. ಟ್ಯಾಲಿಯಂಥ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕೆಂದರೆ ಒಂದು ಗಣಕಕ್ಕೆ ನ್ಯಾಯವಾಗಿ ಪರವಾನಗಿ ಕೊಳ್ಳಲಿ, ಉಳಿದ ಒಂಬತ್ತಕ್ಕೆ ಲಿನಕ್ಸ್ ಹಾಕಿಕೊಡಿ. ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಬೇಡಿ. ಕೈ ಪಳಗಲು ಕಾಲ ಬೇಕು, ಅಂಗಡಿಯವನ ಹೊಟ್ಟೆಪಾಡೂ ನಡೆಯಬೇಕು.

ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟು: ಜನರ ತೆರಿಗೆ ಹಣದಲ್ಲಿ ಗಣಕ ಕೊಳ್ಳುವಾಗ ಟೆಂಡರಿನಲ್ಲೇ ಮೂರು ಷರತ್ತು ಬರೆಯಿರಿ. ಯುನಿಕೋಡ್ ಕನ್ನಡ ಇರಲೇಬೇಕು. ಕಡತಗಳು ಯಾವ ತಂತ್ರಾಂಶದಲ್ಲೂ ತೆರೆಯುವಂತಿರಬೇಕು. ಬೆಂಬಲ ಎಂದಿನವರೆಗೆ, ಆಮೇಲೆ ಖರ್ಚೆಷ್ಟು ಎಂಬುದನ್ನು ಮಾರುವವನು ಮೊದಲೇ ಬರೆದುಕೊಡಬೇಕು.

ನಾಮಫಲಕದಲ್ಲಿ ಕನ್ನಡ ಬರಲೆಂದು ಬೀದಿಗಿಳಿದವರು ನಾವು. ಆ ಫಲಕದ ಕನ್ನಡ ಯಾರದೋ ಬಾಡಿಗೆ ಪೆಟ್ಟಿಗೆಯಲ್ಲಿ ಒತ್ತೆ ಬಿದ್ದಿದ್ದರೆ ನಾವು ಗೆದ್ದದ್ದಾದರೂ ಏನು? ನಮ್ಮ ಅಕ್ಷರದ ಬೀಗದ ಕೈ ನಮ್ಮ ಸೊಂಟದಲ್ಲೇ ಇರಲಿ. ಈ ಭಾನುವಾರವೇ ಹೊರಡಿ.