ಕನ್ನಗಳ್ಳನ ಕಣ್ಣೂ ಗೃಹಸ್ಥನ ಕಣ್ಣೂ

ನಮ್ಮ ಮನೆಯ ವಿಷಯದಲ್ಲಿ ನಮಗಿರುವ ತಿಳಿವಳಿಕೆಗಿಂತ ಕಳ್ಳನ ತಿಳಿವಳಿಕೆಯು ಎಷ್ಟೋ ವೇಳೆ ಹೆಚ್ಚಾಗಿರುವುದು. ಈ ಮಾತು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಸ್ವಲ್ಪ ಆಲೋಚಿಸಿ ನೋಡಬೇಕು. ನಾವು ಮುಂಬಾಗಿಲಿನಿಂದ ಹೋಗಿ ಬರುವವರು. ಆದಕಾರಣ ಮುಂಬಾಗಿಲಿಗೆ ದೊಡ್ಡದೊಂದು ಬೀಗವನ್ನು ಹಾಕಿ, ಎರಡು ಸಲ ಜಗ್ಗಿ ನೋಡಿ, ನಿಶ್ಚಿಂತರಾಗಿ ಹೊರಡುವೆವು. ಕಳ್ಳನಾದರೋ ಮನೆಗೆ ಪ್ರದಕ್ಷಿಣೆ ಬಂದು ನೋಡುವನು. ಹಿತ್ತಿಲ ಬಾಗಿಲಿನ ಸವೆದ ಅಗುಳಿ, ಬಚ್ಚಲುಮನೆಯ ಬೆಳಕಿಂಡಿ, ಮಾಳಿಗೆಯ ಮೇಲಿನ ಹಗುರವಾದ ಬಾಗಿಲು, ಗೋಡೆಗೆ ಒರಗಿಸಿ ಮರೆತ ಏಣಿ, ಇವೆಲ್ಲವೂ ಅವನ ಕಣ್ಣಿಗೆ ಬೀಳುವುವು. ಗೃಹರಕ್ಷಣೆಯ ಮೊದಲನೆಯ ಪಾಠವು ಇದೇ: ವರ್ಷಕ್ಕೆ ಒಂದೆರಡು ಸಲವಾದರೂ ಗೃಹಸ್ಥನು ತನ್ನ ಮನೆಯನ್ನು ಕಳ್ಳನ ಕಣ್ಣಿನಿಂದ ನೋಡತಕ್ಕದ್ದು.

ಆ ಕಣ್ಣು ಎಂತಹುದೆಂಬುದನ್ನು ಅರಿಯಬೇಕೆನ್ನುವವರು ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೆಯ ಅಂಕವನ್ನು ಓದಬೇಕು. ಚಾರುದತ್ತನ ಮನೆಗೆ ಕನ್ನ ಹಾಕಲು ಬಂದ ಶರ್ವಿಲಕನು ಮೊದಲು ಗೋಡೆಯನ್ನು ಪರೀಕ್ಷಿಸುವನು. ಪ್ರತಿದಿನವೂ ಸೂರ್ಯನಿಗೆ ಅರ್ಘ್ಯವನ್ನು ಬಿಟ್ಟ ನೀರಿನಿಂದ ನೆನೆದು, ಉಪ್ಪು ಹಿಡಿದು ಶಿಥಿಲವಾಗಿರುವ ಸ್ಥಳವು ಅವನಿಗೆ ಸಿಕ್ಕುವುದು. ಅಲ್ಲಿ ಇಲಿ ತೋಡಿದ ಮಣ್ಣೂ ಬಿದ್ದಿರುವುದು. ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣಿನ ಗೋಡೆಯಾದರೆ ನೀರಿನಿಂದ ನೆನೆಸಬೇಕು, ಮರವಾದರೆ ಸೀಳಬೇಕು ಎಂದು ಅವನು ತನ್ನ ವಿದ್ಯೆಯನ್ನು ಜ್ಞಾಪಿಸಿಕೊಳ್ಳುವನು. ಅಳತೆಯ ಹುರಿಯನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುವನು. ಕವಿಯು ನಗಿಸುವುದಕ್ಕಾಗಿ ಬರೆದಿರುವನಾದರೂ ಇದರಲ್ಲಿರುವ ತತ್ತ್ವವು ಇಂದಿಗೂ ಸತ್ಯವೇ. ಕಳ್ಳನು ಬಲವಾದ ಕಡೆಯಲ್ಲಿ ಬಲವನ್ನು ವ್ಯಯಮಾಡುವುದಿಲ್ಲ. ದುರ್ಬಲವಾದ ಸ್ಥಳವನ್ನು ಹುಡುಕುವನು.

ಈಗಿನ ಮನೆಗಳಲ್ಲಿ ಗೋಡೆಯನ್ನು ಕೊರೆಯುವ ಶ್ರಮವು ಅವನಿಗೆ ಬಹುಮಟ್ಟಿಗೆ ತಪ್ಪಿದೆ. ಬೆಲೆಬಾಳುವ ಬೀಗವನ್ನು ತಂದು, ಅದನ್ನು ನಾಲ್ಕು ಸಣ್ಣ ತಿರುಪು ಮೊಳೆಗಳ ಕೊಂಡಿಗೆ ಸಿಕ್ಕಿಸುವ ಪದ್ಧತಿಯು ನಮ್ಮಲ್ಲಿ ಸಾಮಾನ್ಯ. ಹಾರೆಯ ಒಂದು ಮೀಟಿಗೆ ಕೊಂಡಿಯು ಕಿತ್ತು ಬರುವುದು; ಬೀಗವು ಮಾತ್ರ ಹಾಕಿದಂತೆಯೇ ಇರುವುದು! ಆದುದರಿಂದ ಕೊಂಡಿಯನ್ನು ಬಾಗಿಲ ಹಲಗೆಯನ್ನು ತೂರಿ ಹೋಗುವ ಬೋಲ್ಟುಗಳಿಂದ ಬಿಗಿಸಿ, ಒಳಮಗ್ಗುಲಲ್ಲಿ ನಟ್ಟು ಹಾಕಿಸಬೇಕು. ಬಾಗಿಲ ಚೌಕಟ್ಟು ಗೆದ್ದಲು ತಿಂದಿದ್ದರೆ ಯಾವ ಬೀಗವೂ ನಿರರ್ಥಕ. ಹೊರಗೆ ತೂಗುವ ಬೀಗಕ್ಕಿಂತ ಬಾಗಿಲಿನೊಳಗೇ ಅಡಗಿರುವ ಬೀಗವು ಉತ್ತಮ. ಏಕೆಂದರೆ ತೂಗುವ ಬೀಗವು ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುವುದು. ಬಚ್ಚಲುಮನೆಯ ಬೆಳಕಿಂಡಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಜಾರಿಸಿ ತೆಗೆಯುವುದು ಸುಲಭ. ಅಲ್ಲಿ ಕಬ್ಬಿಣದ ಸರಳುಗಳು ಅವಶ್ಯ. ಆದರೆ ಕಳ್ಳನ ಭಯದಿಂದ ಮನೆಯನ್ನು ಪಂಜರವನ್ನಾಗಿಯೂ ಮಾಡಿಕೊಳ್ಳಕೂಡದು. ಬೆಂಕಿ ಬಿದ್ದಾಗ ಒಳಗಿನವರು ಹೊರಗೆ ಬರಲು ಒಂದು ದಾರಿಯೂ, ಅದರ ಬೀಗದ ಕೈ ಕತ್ತಲೆಯಲ್ಲಿಯೂ ಎಲ್ಲರಿಗೂ ಸಿಕ್ಕುವ ಸ್ಥಳವೂ ಇರಲೇಬೇಕು.

ಆದರೂ ಒಂದು ಮಾತನ್ನು ಮರೆಯಬಾರದು. ಬೀಗವು ಕಳ್ಳನನ್ನು ತಡೆಯುವುದಿಲ್ಲ, ತಡಮಾಡಿಸುವುದು. ಆ ತಡವಾದ ಕಾಲದಲ್ಲಿ ನೋಡುವ ಕಣ್ಣೂ ಕೇಳುವ ಕಿವಿಯೂ ಇದ್ದರೆ ಮಾತ್ರ ಬೀಗಕ್ಕೆ ಕೊಟ್ಟ ಹಣವು ಸಾರ್ಥಕ. ಶರ್ವಿಲಕನಿಗೆ ಬಾಗಿಲು ಕಿರುಗುಟ್ಟುವುದೇ ದೊಡ್ಡ ಭಯ. ಹಳೆಯ ಬಾಗಿಲು ಶಬ್ದಮಾಡೀತೆಂದು ಅವನು ನೀರನ್ನು ಹುಡುಕಿ ತಂದು ಎರಚುವನು. ಆ ನೀರು ನೆಲಕ್ಕೆ ಬಿದ್ದ ಸಪ್ಪಳಕ್ಕೂ ಅಂಜುವನು. ಹಿಂದೆ ಜಗುಲಿಯ ಮೇಲೆ ಮಲಗುತ್ತಿದ್ದ ಮುದುಕರ ಕೆಮ್ಮು ಎಷ್ಟು ಮನೆಗಳನ್ನು ಕಾಪಾಡಿತೋ ಲೆಕ್ಕವಿಲ್ಲ. ಈಗ ಜಗುಲಿಯೂ ಇಲ್ಲ, ಅಲ್ಲಿ ಮಲಗುವವರೂ ಇಲ್ಲ. ಆ ಸ್ಥಾನದಲ್ಲಿ ಕ್ಯಾಮರಾ ಬಂದಿದೆ. ಅದು ಒಳ್ಳೆಯ ಸಾಧನವೇ ಸರಿ. ಆದರೆ ಅದು ಸಾಕ್ಷಿಯೇ ಹೊರತು ಕಾವಲುಗಾರನಲ್ಲ. ಚಿತ್ರಗಳನ್ನು ದಾಖಲಿಸುವ ಪೆಟ್ಟಿಗೆಯನ್ನು ಟೆಲಿವಿಷನ್ನಿನ ಪಕ್ಕದಲ್ಲಿಯೇ ಇಟ್ಟಿದ್ದರೆ ಕಳ್ಳನು ಆ ಸಾಕ್ಷಿಯನ್ನೂ ಹೊತ್ತುಕೊಂಡು ಹೋಗುವನು. ಅದನ್ನು ಮರೆಯಾದ ಸ್ಥಳದಲ್ಲಿಡಬೇಕು.

ಎಲ್ಲ ಯಂತ್ರಗಳಿಗಿಂತಲೂ ಮಿಗಿಲಾದ ರಕ್ಷೆಯೆಂದರೆ ನೆರೆಮನೆ. ನಾವು ಊರಿನಲ್ಲಿಲ್ಲವೆಂಬುದನ್ನು ನಮ್ಮ ಮನೆಯೇ ನಾನಾ ವಿಧವಾಗಿ ಹೇಳುತ್ತಿರುವುದು. ಬಾಗಿಲಲ್ಲಿ ಬಿದ್ದ ಮೂರು ದಿನದ ವೃತ್ತಪತ್ರಿಕೆಗಳು, ತೆಗೆಯದ ಹಾಲಿನ ಪೊಟ್ಟಣ, ಹಗಲೆಲ್ಲ ಉರಿಯುವ ಹೊರಗಿನ ದೀಪ, ಇವು ಒಂದೊಂದೂ ಕಳ್ಳನಿಗೆ ಬರೆದ ಆಹ್ವಾನಪತ್ರಿಕೆಗಳು. ನಮ್ಮ ನಾಡಿನ ಮನೆಗಳಲ್ಲಿ ಇವೆಲ್ಲಕ್ಕಿಂತ ಸ್ಪಷ್ಟವಾದ ಗುರುತು ಮತ್ತೊಂದುಂಟು. ಅದು ಹೊಸ್ತಿಲ ಮುಂದೆ ರಂಗವಲ್ಲಿ ಇಲ್ಲದಿರುವುದು. ನೆರೆಮನೆಯ ತಾಯಿಯೊಬ್ಬಳು ಬೆಳಿಗ್ಗೆ ನಮ್ಮ ಅಂಗಳಕ್ಕೂ ನೀರು ಚಿಮುಕಿಸಿ ಎರಡು ಎಳೆ ರಂಗವಲ್ಲಿಯನ್ನು ಹಾಕುವಷ್ಟು ಸ್ನೇಹವನ್ನು ನಾವು ಉಳಿಸಿಕೊಂಡಿದ್ದರೆ, ಅದಕ್ಕೆ ಸಮನಾದ ಬೀಗವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ. ಹೆಚ್ಚು ದಿನ ಹೊರಗಿರುವುದಾದರೆ ಪೋಲೀಸು ಠಾಣೆಗೂ ತಿಳಿಸಿ ಹೋಗುವುದು ಯುಕ್ತ.

ಇನ್ನು ಮೈತ್ರೇಯನ ಕಥೆ. ಶರ್ವಿಲಕನು ಒಳಗೆ ಬಂದು ನೋಡುವನು; ಮೃದಂಗ, ವೀಣೆ, ಕೊಳಲು, ಪುಸ್ತಕಗಳು ಮಾತ್ರ ಕಾಣಿಸುವುವು. ಇದು ಬಡವನ ಮನೆಯೆಂದು ಹಿಂದಿರುಗಲಿರುವಾಗ, ಚಾರುದತ್ತನ ಮಿತ್ರನಾದ ಮೈತ್ರೇಯನು ನಿದ್ರೆಯಲ್ಲಿ ಕನವರಿಸಿ, ಎದುರಿಗಿರುವವನು ಚಾರುದತ್ತನೆಂದು ಭ್ರಮಿಸಿ, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಡವೆಯ ಭರಣಿಯನ್ನು ತಾನಾಗಿಯೇ ಕಳ್ಳನ ಕೈಗೆ ಕೊಡುವನು! ಇದನ್ನು ಓದಿ ನಗುವ ನಾವು ಅದನ್ನೇ ಎಚ್ಚರದಲ್ಲಿ ಮಾಡುತ್ತಿರುವೆವು. ಯಾತ್ರೆಗೆ ಹೊರಟ ದಿನವೇ ಕುಟುಂಬದ ಚಿತ್ರಗಳನ್ನು ಮೊಬೈಲಿನ ಮೂಲಕ ಲೋಕಕ್ಕೆಲ್ಲ ಹಂಚುವೆವು. ಬೀಗದ ಕೈಯನ್ನು ಹೂವಿನ ಕುಂಡದ ಕೆಳಗೋ ಬಾಗಿಲವಾಡದ ಮೇಲೋ ಇಟ್ಟು, ಅದನ್ನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಹೇಳುವೆವು. ಚಿನ್ನಕ್ಕೆ ಹೊಳಪು ಕೊಡುವೆವೆಂದು ಬಂದ ಅಪರಿಚಿತರ ಮುಂದೆ ಬಳೆಗಳನ್ನು ಬಿಚ್ಚಿಡುವೆವು. ಇಂತಹ ಮನೆಗೆ ಕನ್ನ ಹಾಕುವ ಶ್ರಮವೇಕೆ?

ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಡುವುದು ಮನೆಯಲ್ಲಿಡುವುದಕ್ಕಿಂತ ಲೇಸು. ಆದರೆ ಅಲ್ಲಿಯೂ ಒಂದು ಮಿತಿಯುಂಟು. 2022ನೆಯ ಇಸವಿ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ, ಕಳವು, ಬೆಂಕಿ, ಅಥವಾ ಬ್ಯಾಂಕಿನ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆಯು ಲಾಕರಿನ ವಾರ್ಷಿಕ ಬಾಡಿಗೆಯ 100 ಪಾಲಿನಷ್ಟು. ಬಾಡಿಗೆಯು 3,000 ರೂಪಾಯಿಗಳಾದರೆ ಹೊಣೆಯು 3 ಲಕ್ಷ. ಇಟ್ಟ ಒಡವೆಯ ಬೆಲೆಯು ಅದಕ್ಕಿಂತ ಹೆಚ್ಚಾಗಿದ್ದರೆ ಉಳಿದುದಕ್ಕೆ ವಿಮೆಯೇ ಗತಿ. ಕಳ್ಳರು ಅಪಹರಿಸಿದ ಸೊತ್ತನ್ನು ಪ್ರಜೆಗೆ ಕೊಡುವುದು ರಾಜನ ಕರ್ತವ್ಯವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಆ ಕಾಲದ ಆ ವಿಧಿಯನ್ನು ನಂಬಿ ಈಗ ಕುಳಿತಿರುವಂತಿಲ್ಲ.

ದೈವವಶಾತ್ ಕಳವು ನಡೆದೇ ಹೋದರೆ ಮಾಡಬೇಕಾದುದೇನು? ಬೀಗವು ಒಡೆದಿರುವುದನ್ನು ಕಂಡರೆ ಒಳಗೆ ನುಗ್ಗಕೂಡದು. ಕಳ್ಳನು ಇನ್ನೂ ಒಳಗಿರಬಹುದು. ಹೊರಗೆ ನಿಂತು 112ಕ್ಕೆ ತಿಳಿಸಬೇಕು. ರಾತ್ರಿ ಕಳ್ಳನು ಎದುರಾದರೆ ಕೂಗಿ ನೆರೆಯವರನ್ನು ಎಬ್ಬಿಸಬೇಕೇ ಹೊರತು ಅವನ ಮೇಲೆ ಬೀಳಬಾರದು. ಒಡವೆಯನ್ನು ಮತ್ತೆ ಮಾಡಿಸಬಹುದು, ಪ್ರಾಣವನ್ನು ಮಾಡಿಸಲಾಗದು. ಪೋಲೀಸರು ಬರುವವರೆಗೆ ಬೀರು, ಪೆಟ್ಟಿಗೆಗಳನ್ನು ಮುಟ್ಟಬಾರದು. ಬೆರಳಿನ ಗುರುತುಗಳು ಅಳಿಸಿಹೋಗುವುವು. 2024ನೆಯ ಇಸವಿ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದ ಮೇರೆಗೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಮತ್ತು ದಾಖಲೆಯಾದ ದೂರಿನ ಪ್ರತಿಯನ್ನು ಶುಲ್ಕವಿಲ್ಲದೆ ಪಡೆಯುವ ಹಕ್ಕು ದೂರುಗಾರನಿಗುಂಟು. ವಿಮೆಗೂ ಈ ಪ್ರತಿಯು ಬೇಕಾಗುವುದು. ಕಳವಿಗಾಗಿ ರಾತ್ರಿಯಲ್ಲಿ ಮನೆಗೆ ಕನ್ನ ಹಾಕಿದವನಿಗೆ ಭಾರತೀಯ ನ್ಯಾಯ ಸಂಹಿತೆಯು 14 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ.

ಆದರೆ ಹೋದುದು ಏನೆಂದು ಹೇಳಲಾಗದಿದ್ದರೆ ದೂರಿನಿಂದ ಏನು ಪ್ರಯೋಜನ? ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಂದು ಪಟ್ಟಿಯಿರಬೇಕು: ಒಡವೆಯ ಹೆಸರು, ತೂಕ, ಕೊಂಡ ರಸೀದಿ, ಒಂದು ಚಿತ್ರ. 2023ನೆಯ ಇಸವಿ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಚಿನ್ನದ ಒಡವೆಗಳ ಮೇಲೆ ಆರು ಅಕ್ಷರ-ಅಂಕೆಗಳ ಪ್ರತ್ಯೇಕ ಗುರುತು ಕಡ್ಡಾಯವಾಗಿದೆ, ಅದನ್ನೂ ಬರೆದಿಡಬೇಕು. ಈ ಪಟ್ಟಿಯ ಒಂದು ಪ್ರತಿಯು ಮನೆಯ ಹೊರಗೆ ನಂಬಿಕಸ್ಥರಲ್ಲಿರಲಿ.

ಈ ಪಟ್ಟಿಗೆ ಮತ್ತೊಂದು ಪ್ರಯೋಜನವುಂಟು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ವಸ್ತುವೊಂದು ಕಾಣದಾದಾಗ ನಮ್ಮ ಸಂಶಯವು ಮೊದಲು ಹೋಗಿ ನಿಲ್ಲುವುದು ಮನೆಗೆಲಸದವಳ ಮೇಲೆ. ಓಲೆಯನ್ನು ಬಿಚ್ಚಿ ಎಲ್ಲಿಯೋ ಇಟ್ಟು ಮರೆತವರು ನಾವು. ಬೀದಿಯವರ ಮುಂದೆ ಸೆರಗು ಕೊಡವಿ ತೋರಿಸಬೇಕಾದವಳು ಅವಳು. ತಿಂಗಳು ಕಳೆದ ಮೇಲೆ ಆ ಓಲೆಯು ದಿಂಬಿನ ಚೀಲದಲ್ಲಿ ಸಿಕ್ಕಿದರೆ ನಾವು ಸಂತೋಷಪಡುವೆವು. ಆ ವೇಳೆಗೆ ಅವಳು ನಾಲ್ಕು ಮನೆಗಳ ಅನ್ನವನ್ನು ಕಳೆದುಕೊಂಡಿರುವಳು. ಕಳುವಾದ ಭರಣಿಯು ವಸಂತಸೇನೆಯು ನಂಬಿಕೆಯಿಂದ ಇಟ್ಟಿದ್ದ ನ್ಯಾಸ. ಕಳವು ತಿಳಿದಾಗ ಚಾರುದತ್ತನು ಮರುಗಿದುದು ಚಿನ್ನಕ್ಕಾಗಿ ಅಲ್ಲ. ಕಳ್ಳನು ಕೊಂಡುಹೋದನೆಂದರೆ ಯಾರು ನಂಬುವರು, ಬಡವನಾದ ತನ್ನನ್ನೇ ಎಲ್ಲರೂ ಶಂಕಿಸುವರಲ್ಲ ಎಂದು. ಅವನ ಪತ್ನಿಯಾದ ಧೂತೆಯು ತನ್ನ ರತ್ನಾವಳಿಯನ್ನು ಕೊಟ್ಟು ಗಂಡನ ಹೆಸರನ್ನು ಉಳಿಸಿದಳು. ಮನೆಗೆಲಸದವಳ ಹೆಸರನ್ನು ಉಳಿಸುವುದಕ್ಕೆ ರತ್ನಾವಳಿಯನ್ನು ಕೊಡುವವರು ಯಾರು?

ಬೀಗವನ್ನು ಭದ್ರಪಡಿಸುವುದು, ಒಡವೆಯನ್ನು ಕಂಡಕಂಡಲ್ಲಿ ಬಿಡದಿರುವುದು, ಪಟ್ಟಿಯನ್ನು ಬರೆದಿಡುವುದು, ಇವೆಲ್ಲವೂ ನಮ್ಮ ಸೊತ್ತಿನ ರಕ್ಷಣೆಗೆ ಎಷ್ಟು ಅವಶ್ಯವೋ, ನಿರಪರಾಧಿಗಳ ಮಾನರಕ್ಷಣೆಗೂ ಅಷ್ಟೇ ಅವಶ್ಯ. ಬರುವ ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಗೃಹಸ್ಥನು ಅರ್ಧ ಗಳಿಗೆ ಮನೆಯನ್ನು ಹೊರಗಿನಿಂದ ಒಂದು ಸುತ್ತು ಬಂದು ನೋಡಲಿ. ಗೃಹಿಣಿಯು ಆ ಪಟ್ಟಿಯನ್ನು ಬರೆಯಲು ತೊಡಗಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.